ಬಿಲೋ 1600 ಅಂದರೆ ಯಾರು?

ಕುಮಟಾ ಇರಲಿ, ಶಿರಸಿ ಇರಲಿ, ಕಾರವಾರ ಇರಲಿ, ರೇಟಿಂಗ್ (ಆಟಗಾರನ ಬಲ ಹೇಳುವ ಸಂಖ್ಯೆ) ಇಷ್ಟಕ್ಕಿಂತ ಕಡಿಮೆ ಇರಬೇಕು ಎಂದು ಮಿತಿ ಹಾಕಿ ಚೆಸ್ ಟೂರ್ನಿ ಇಟ್ಟರೆ ನಾಲ್ಕನೇ ಸುತ್ತಿನ ಹೊತ್ತಿಗೆ ಹಾಲ್‌ನ ಹೊರಗೆ ಪಾಲಕರ ಮಾತು ಶುರುವಾಗುತ್ತದೆ. "ಮಾಸ್ತರ್ರೇ, ಬಿಲೋ 1600 ಅಂತ ಹ್ಯಾಂಡ್‌ಬಿಲ್ಲಲ್ಲಿ ಹಾಕಿದ್ದೀರಿ. ಆ ಹುಡುಗನ ಆಟ ನೋಡಿದ್ರೆ ಹಾಗೆ ಅನಿಸ್ತದಾ? ಬೇಕಂತ್ಲೇ ಸೋತು ರೇಟಿಂಗ್ ಇಳಿಸಿಕೊಂಡು ಬಂದಿದ್ದಾನೆ." ಪಕ್ಕದವರು ಹೇಳುತ್ತಾರೆ, "ಕರಾವಳಿ ಹುಡುಗ್ರಲ್ವಾ, ಮೀನು ತಿಂತಾರೆ, ತಲೆ ಜಾಸ್ತಿ ಓಡ್ತದೆ." ಇನ್ನೊಬ್ಬ ತಾಯಿಗೆ ಬೇರೆಯೇ ಚಿಂತೆ. ಹೋದ ತಿಂಗಳು ಗೆದ್ದ ಮಗಳು ಈ ಸಲ ಸೋಲುತ್ತಿದ್ದಾಳೆ, ಯಾರದೋ ದೃಷ್ಟಿ ತಾಗಿದೆ.

ಮೀನಿನ ಮಾತು ಸುಮ್ನೆ ಬಿಡೋಣ. ಘಟ್ಟದ ಮೇಲೆ ಮೀನು ಮುಟ್ಟದ ಮನೆಗಳಿಂದಲೂ ಗಟ್ಟಿ ಆಟಗಾರರು ಬರುತ್ತಾರೆ. ದೃಷ್ಟಿಯ ಮಾತಿಗೆ ಆಮೇಲೆ ಬರುತ್ತೇನೆ, ಅದರ ಹಿಂದೆ ಒಳ್ಳೆಯ ಗಣಿತ ಇದೆ. ನನಗೆ ತಡೆಯಲಾಗದ್ದು ಮೋಸದ ಮಾತು. ಹತ್ತು ಹನ್ನೊಂದು ವರ್ಷದ ಮಗುವಿನ ಮೇಲೆ ದೊಡ್ಡವರು ಇಷ್ಟು ಸಲೀಸಾಗಿ ಕಳಂಕ ಹೊರಿಸುತ್ತಾರೆ. ರೇಟಿಂಗ್ ಅನ್ನುವ ಸಂಖ್ಯೆ ಎಲ್ಲಿಂದ ಬರುತ್ತದೆ ಅಂತ ಒಮ್ಮೆ ಯೋಚಿಸಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ಮೋಸ ಇಲ್ಲವೇ ಇಲ್ಲ ಅಂತಲ್ಲ, ಇದೆ. ಆದರೆ ಮೋಸದಂತೆ ಕಾಣುವ ಬಹಳಷ್ಟು ಸಂಗತಿ ಲೆಕ್ಕದ ಒಳಗೇ ಹುಟ್ಟುತ್ತದೆ. ಆ ಲೆಕ್ಕ ನನಗೆ ಬಹಳ ಇಷ್ಟ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಸಮಬಲದವರನ್ನೇ ಎದುರುಬದುರು ನಿಲ್ಲಿಸಬೇಕು ಅನ್ನುವುದು ನಮಗೇನು ಹೊಸತಲ್ಲ. ಕಬಡ್ಡಿಯಲ್ಲಿ 55 ಕೆ.ಜಿ., 60 ಕೆ.ಜಿ. ಅಂತ ತೂಕ ನೋಡುತ್ತೇವೆ. ಪಂಚಾಯತ್ ಮಟ್ಟದ ಕ್ರಿಕೆಟ್‌ನಲ್ಲಿ ಆಧಾರ್ ಕಾರ್ಡ್ ನೋಡುತ್ತೇವೆ, ಪಕ್ಕದ ತಾಲೂಕಿನ ಬೌಲರ್ ಬಂದರೆ ಗಲಾಟೆಯೇ. ಶಾಲೆಯ ಆಟಕ್ಕೆ ವಯಸ್ಸು. ತೂಕ, ಊರು, ವಯಸ್ಸು ಇವನ್ನೆಲ್ಲ ಆಟ ಶುರುವಾಗುವ ಮೊದಲೇ ನೋಡಿ ಹೇಳಬಹುದು. ಚೆಸ್‌ನಲ್ಲಿ ಹಾಗೆ ತೂಗಲು ಏನಿದೆ? ಹಿಂದಿನ ಕಾಲದಲ್ಲಿ ಬಲವಾದ ಆಟಗಾರ ಒಂದು ಕಾಯಿ ಬಿಟ್ಟುಕೊಟ್ಟು ಆಡುತ್ತಿದ್ದ. 1859ರಲ್ಲಿ ಯುರೋಪನ್ನು ಸೋಲಿಸಿ ಅಮೆರಿಕಕ್ಕೆ ಮರಳಿದ ಪಾಲ್ ಮಾರ್ಫಿ, ಎದುರಾಳಿಗೆ ಒಂದು ಕಾಲಾಳು ಮತ್ತು ಮೊದಲ ನಡೆ ಬಿಟ್ಟುಕೊಟ್ಟು ಆಡಲು ಸಿದ್ಧ ಎಂದು ಸಾರಿದ್ದ. ಆದರೆ ಯಾರಿಗೆ ಎಷ್ಟು ಬಿಡಬೇಕು ಅನ್ನುವುದು ಅವರವರ ಅಂದಾಜು, ಅದಕ್ಕೊಂದು ಲೆಕ್ಕ ಇರಲಿಲ್ಲ. 1929ರಲ್ಲಿ ಜರ್ಮನಿಯ ಗಣಿತಜ್ಞ ಅರ್ನ್‌ಸ್ಟ್ ಜೆರ್ಮೆಲೊ ಪಂದ್ಯಗಳ ಫಲಿತಾಂಶದಿಂದಲೇ ಆಟಗಾರರ ಬಲವನ್ನು ಲೆಕ್ಕ ಹಾಕುವ ದಾರಿ ತೋರಿಸಿದ. ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಕೊನೆಗೆ ಈ ಕೆಲಸ ಮಾಡಿದವರು ಅರ್ಪಾಡ್ ಎಲೋ. ಹಂಗೇರಿಯಲ್ಲಿ 1903ರಲ್ಲಿ ಹುಟ್ಟಿ, ಚಿಕ್ಕವರಿದ್ದಾಗಲೇ ಅಮೆರಿಕಕ್ಕೆ ಹೋಗಿ, ಮಿಲ್ವಾಕಿಯ ಮಾರ್ಕ್ವೆಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು. ಸ್ವತಃ ಒಳ್ಳೆಯ ಚೆಸ್ ಆಟಗಾರ. ಅವರ ಪದ್ಧತಿಯನ್ನು ಅಮೆರಿಕದ ಚೆಸ್ ಸಂಸ್ಥೆ 1960ರಲ್ಲಿ ಒಪ್ಪಿತು, ಅಂತರರಾಷ್ಟ್ರೀಯ ಸಂಸ್ಥೆ ಫಿಡೆ 1970ರಲ್ಲಿ.

ಎಲೋ ಅವರ ಯೋಚನೆಯ ಚಂದ ಇರುವುದು ಇಲ್ಲಿ. ಒಬ್ಬನ ರೇಟಿಂಗ್ ಅಷ್ಟೇ ಕೊಟ್ಟರೆ ಅದರಿಂದ ಏನೂ ತಿಳಿಯುವುದಿಲ್ಲ. ಇಬ್ಬರ ರೇಟಿಂಗ್‌ಗಳ ನಡುವಿನ ಅಂತರಕ್ಕೆ ಮಾತ್ರ ಅರ್ಥ. ಗೆದ್ದರೆ 1 ಅಂಕ, ಡ್ರಾ ಆದರೆ ಅರ್ಧ. ಅಂತರ 100 ಇದ್ದರೆ, ಬಹಳ ಪಂದ್ಯ ಆಡಿದಾಗ ಮೇಲಿನವನಿಗೆ ಸರಾಸರಿ ನೂರಕ್ಕೆ 64 ಅಂಕ ಬರಬೇಕು. 200 ಇದ್ದರೆ 76. 400 ಇದ್ದರೆ ಸುಮಾರು 91. ಪಂದ್ಯ ಮುಗಿದ ಮೇಲೆ ನಿರೀಕ್ಷೆಗೂ ನಿಜವಾಗಿ ಬಂದ ಫಲಿತಾಂಶಕ್ಕೂ ಇರುವ ವ್ಯತ್ಯಾಸವನ್ನು ಒಂದು ಸಂಖ್ಯೆಯಿಂದ ಗುಣಿಸಿ ರೇಟಿಂಗ್ ತಿದ್ದುತ್ತಾರೆ. ಆ ಸಂಖ್ಯೆಗೆ ಕೆ ಅನ್ನುತ್ತಾರೆ. 1500ರ ಆಟಗಾರ 1700ರವನನ್ನು ಸೋಲಿಸಿದ ಅಂತಿಟ್ಟುಕೊಳ್ಳಿ, ಇಬ್ಬರದೂ ಕೆ 20. ಗೆದ್ದವನಿಗೆ 0.24 ಬರಬೇಕಿತ್ತು, 1 ಬಂತು. ವ್ಯತ್ಯಾಸ 0.76, ಅದನ್ನು 20ರಿಂದ ಗುಣಿಸಿದರೆ 15.2. ಅವನಿಗೆ 15.2 ಏರಿತು, ಸೋತವನಿಗೆ ಅಷ್ಟೇ ಇಳಿಯಿತು.

ಅಷ್ಟೇ ಇಳಿಯಿತು ಅನ್ನುವುದನ್ನು ಬಿಡಬೇಡಿ, ಇಡೀ ಕಥೆ ಅಲ್ಲೇ ಇದೆ.

ಅಘನಾಶಿನಿಯ ಅಳಿವೆಯ ಬದಿಗೆ ಗಜನಿ ಗದ್ದೆಗಳನ್ನು ನೋಡಿದವರಿಗೆ ಇದು ಸುಲಭ. ಕಗ್ಗ ಭತ್ತ ಬೆಳೆಯುವ ಆ ತಗ್ಗು ಗದ್ದೆಗಳ ಸುತ್ತ ಮಣ್ಣಿನ ಕಟ್ಟೆ, ಕಟ್ಟೆಗೆ ಬಾಗಿಲು. ಬಾಗಿಲು ಮುಚ್ಚಿದಾಗ ಗಾಳಿ ಬೀಸಿದರೆ ನೀರು ಆ ಮೂಲೆಯಿಂದ ಈ ಮೂಲೆಗೆ ಸರಿಯುತ್ತದೆ, ಒಂದು ಕಡೆ ಏರಿದಷ್ಟು ಇನ್ನೊಂದು ಕಡೆ ಇಳಿಯುತ್ತದೆ. ಒಳಗಿನ ಒಟ್ಟು ನೀರು ಬದಲಾಗುವುದಿಲ್ಲ. ಹೊರಗೆ ಭರತ ಬಂದು ಹೊಳೆ ಉಕ್ಕಿದ್ದು ಒಳಗಿನ ನೀರಿಗೆ ಗೊತ್ತೇ ಇಲ್ಲ. ಬಾಗಿಲು ತೆರೆದಾಗ ಮಾತ್ರ ಎರಡೂ ಒಂದಾಗುತ್ತವೆ. ಒಂದೇ ಊರಿನ ಇಪ್ಪತ್ತು ಮಕ್ಕಳು ತಮ್ಮತಮ್ಮಲ್ಲೇ ಆಡಿದಾಗ ಅವರ ರೇಟಿಂಗ್ ಅಂಕಗಳ ಗತಿಯೂ ಹೀಗೆಯೇ. ಒಳ್ಳೆಯ ಕೋಚ್ ಬಂದರು, ಮಕ್ಕಳು ದಿನಾ ಸಂಜೆ ಕೂತರು, ಎರಡು ವರ್ಷದಲ್ಲಿ ಇಪ್ಪತ್ತೂ ಮಂದಿ ಗಟ್ಟಿಯಾದರು ಅನ್ನಿ. ಅವರ ಸರಾಸರಿ ರೇಟಿಂಗ್ ಎಷ್ಟು ಏರಬೇಕು? ಎಲ್ಲರ ಕೆ ಒಂದೇ ಆಗಿದ್ದರೆ ಒಂದು ಅಂಕವೂ ಏರುವುದಿಲ್ಲ! ಏರಲು ಅಂಕ ಎಲ್ಲಿಂದ ಬರಬೇಕು? ಒಬ್ಬ ಗೆದ್ದದ್ದು ಪಕ್ಕದವನು ಸೋತದ್ದೇ ತಾನೆ.

ಈಗ ಆ ಮಕ್ಕಳು ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಹೋಗಿ ಬಿಲೋ 1600 ಟೂರ್ನಿಯಲ್ಲಿ ಕೂತರೆ ಏನಾಗುತ್ತದೆ? ಪಟ್ಟಿಯಲ್ಲಿ 1450 ಅಂತಿರುವ ಹುಡುಗಿ 1650ರವರಂತೆ ಆಡುತ್ತಾಳೆ, ಎದುರು ಕೂತವರೆಲ್ಲ ಮಣ್ಣು ಮುಕ್ಕುತ್ತಾರೆ, ಹೊರಗೆ ಕೂತ ಅಪ್ಪ ಅಮ್ಮಂದಿರು ಮೋಸ ಅನ್ನುತ್ತಾರೆ. ಅವಳು ಒಂದು ಪಂದ್ಯವನ್ನೂ ಬೇಕಂತ ಸೋತಿಲ್ಲ. ಊರಿನ ಬಾಗಿಲು ಮುಚ್ಚಿತ್ತು, ಅಷ್ಟೇ. ನಮ್ಮ ಜಿಲ್ಲೆಗೆ ಈ ತೊಂದರೆ ಸ್ವಲ್ಪ ಹೆಚ್ಚೇ ಅಂತ ನನ್ನ ಅನಿಸಿಕೆ. ಶಿರಸಿಯಿಂದ ಕುಮಟಾಕ್ಕೆ ಬರಲು ದೇವಿಮನೆ ಘಟ್ಟ ಇಳಿಯಬೇಕು, ಕಾರವಾರದಿಂದ ಬೆಂಗಳೂರಿಗೆ ಒಂದು ರಾತ್ರಿ ಪಯಣ. ಹೊರಗಿನವರ ಜೊತೆ ಆಡಲು ಮಕ್ಕಳಿಗೆ ಸಿಗುವ ಅವಕಾಶವೇ ಕಡಿಮೆ.

ಫಿಡೆಯವರಿಗೆ ಇದು ಗೊತ್ತಿದೆ. ಅದಕ್ಕೇ 2014ರಿಂದ ಮಕ್ಕಳಿಗೆ ಬೇರೆ ಕೆ ಕೊಟ್ಟಿದ್ದಾರೆ: 18 ವರ್ಷದೊಳಗಿನವರಿಗೆ, ರೇಟಿಂಗ್ 2300 ದಾಟುವ ತನಕ, 40. ದೊಡ್ಡವರಿಗೆ 20, ಒಮ್ಮೆ 2400 ಮುಟ್ಟಿದವರಿಗೆ 10. ಮೇಲಿನ ಪಂದ್ಯವನ್ನೇ ತೆಗೆದುಕೊಳ್ಳಿ. 1500ರ ಹುಡುಗ 1700ರ ಬ್ಯಾಂಕ್ ಉದ್ಯೋಗಿಯನ್ನು ಸೋಲಿಸಿದರೆ ಹುಡುಗನಿಗೆ 30.4 ಏರುತ್ತದೆ, ಉದ್ಯೋಗಿಗೆ 15.2 ಮಾತ್ರ ಇಳಿಯುತ್ತದೆ. ಉಳಿದ 15.2 ಹೊಸದಾಗಿ ಒಳಬಂದ ಅಂಕ. ಮಗು ಬೇಗ ಕಲಿಯುತ್ತದೆ, ಅದರ ಹಳೆಯ ರೇಟಿಂಗನ್ನು ಜಾಸ್ತಿ ನಂಬಬೇಡಿ ಎಂದು ಸೂತ್ರವೇ ಹೇಳಿದ ಹಾಗೆ. ಎಷ್ಟು ಜಾಣ ಯೋಚನೆ ನೋಡಿ.

ಅದೂ ಸಾಲಲಿಲ್ಲ. ಕಡಿಮೆ ರೇಟಿಂಗ್‌ನಿಂದ ಶುರುಮಾಡಿದ ಮಕ್ಕಳ ದಂಡು ವರ್ಷವರ್ಷವೂ ಮೇಲೇರುತ್ತ ದೊಡ್ಡವರ ಅಂಕ ಕೀಳುತ್ತ ಹೋಯಿತು, ಕೆಳಗಿನ ಮಟ್ಟದ ರೇಟಿಂಗ್‌ಗಳೆಲ್ಲ ಕುಸಿದವು. ಕೊನೆಗೆ 2024ರ ಮಾರ್ಚ್‌ನಲ್ಲಿ ಫಿಡೆ 2000ಕ್ಕಿಂತ ಕೆಳಗಿನ ಎಲ್ಲರನ್ನೂ ಒಂದೇ ಸಲಕ್ಕೆ ಮೇಲೆತ್ತಿತು. 2000ಕ್ಕೆ ಎಷ್ಟು ಕಡಿಮೆ ಇದೆಯೋ ಅದರ ಹತ್ತರಲ್ಲಿ ನಾಲ್ಕು ಭಾಗ ಸೇರಿಸಿದರು. 1200 ಇದ್ದವರು 1520 ಆದರು, 1500 ಇದ್ದವರು 1700. ಕನಿಷ್ಠ ರೇಟಿಂಗ್ 1000 ಇದ್ದದ್ದು 1400 ಆಯಿತು. ಯೋಚಿಸಿ, ಫೆಬ್ರವರಿ ಕೊನೆಯ ರಾತ್ರಿ ಬಿಲೋ 1600 ವಿಭಾಗಕ್ಕೆ ಅರ್ಹನಾಗಿದ್ದ ಹುಡುಗ ಬೆಳಗಾಗುವಷ್ಟರಲ್ಲಿ ಅನರ್ಹ. ಮಧ್ಯೆ ಒಂದು ಕಾಲಾಳನ್ನೂ ಮುಂದೂಡಿಲ್ಲ. ರೇಟಿಂಗ್ ಅನ್ನುವುದು ಎತ್ತರ ತೂಕದ ಹಾಗೆ ಮೈಯಲ್ಲಿ ಇರುವ ಗುಣ ಅಂತ ನಂಬಿದವರಿಗೆ ಇದನ್ನು ಹೇಗೆ ವಿವರಿಸುತ್ತೀರಿ?

ಮೊಬೈಲ್‌ನಲ್ಲಿ ನನ್ನದು 1900 ಅನ್ನುವವರಿಗೂ ಇದೇ ಉತ್ತರ. ಲಿಚೆಸ್ ಅನ್ನುವ ಆನ್‌ಲೈನ್ ಚೆಸ್ ತಾಣದಲ್ಲಿ ಎಲ್ಲರೂ ಶುರುವಾಗುವುದೇ 1500ರಿಂದ. ಅಲ್ಲಿ ಆಡುವ ಜನ ಬೇರೆ, ಅಂಕದ ಲೆಕ್ಕವೂ ಬೇರೆ. ಅಲ್ಲಿನ ಸಂಖ್ಯೆ ತಂದು ಇಲ್ಲಿನ ಪಟ್ಟಿಯ ಪಕ್ಕ ಇಟ್ಟರೆ ಏನೂ ಹೇಳಿದಂತಾಗುವುದಿಲ್ಲ.

ಈಗ ನಿಜವಾದ ಮೋಸ. ರೇಟಿಂಗ್ ಮಿತಿಯ ಟೂರ್ನಿಗಳಲ್ಲಿ ನಮ್ಮ ದೇಶದಲ್ಲಿ ಲಕ್ಷಗಟ್ಟಲೆ ನಗದು ಬಹುಮಾನ ಇಡುತ್ತಾರೆ. ಹಣ ಇದ್ದಲ್ಲಿ ಸಣ್ಣ ಟೂರ್ನಿಯಲ್ಲಿ ಸೋತು ದೊಡ್ಡದರಲ್ಲಿ ಗೆಲ್ಲುವ ಆಸೆ ಬಂದೇ ಬರುತ್ತದೆ. ಇದನ್ನು ತಡೆಯುವ ಉಪಾಯ ಹುಡುಕುವಾಗ ನನಗೆ ತುಂಬಾ ಹಿಡಿಸಿದ್ದು ಚೆಸ್ ಅಲ್ಲ, ಡಿಸ್ಕ್ ಗಾಲ್ಫ್. ಪ್ಲಾಸ್ಟಿಕ್ ತಟ್ಟೆ ಎಸೆದು ಸರಪಳಿ ಕಟ್ಟಿದ ಬುಟ್ಟಿಗೆ ಬೀಳಿಸುವ ಆಟ. ಆ ಬುಟ್ಟಿಯನ್ನು ರೂಪಿಸಿದವರು ಅಮೆರಿಕದ ಎಡ್ ಹೆಡ್ರಿಕ್, ಆ ಆಟದ ಸಂಸ್ಥೆ ಪಿಡಿಜಿಎ ಕಟ್ಟಿದವರೂ ಅವರೇ, 1976ರಲ್ಲಿ. ಇಲ್ಲಿ ಎದುರಾಳಿ ಇಲ್ಲ, ಎಷ್ಟು ಎಸೆತದಲ್ಲಿ ಮುಗಿಸಿದಿರಿ ಅಂತಷ್ಟೇ ಎಣಿಕೆ. ಹಾಗಾದರೆ ಗಾಳಿ ಬೀಸಿದ ದಿನ? ಜೂನ್ ತಿಂಗಳಲ್ಲಿ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಆಡಿ 60 ಎಸೆತ ಬಂದರೆ, ಅದು ಗಾಳಿಯಿಲ್ಲದ ದಿನದ 54ಕ್ಕಿಂತ ಒಳ್ಳೆಯ ಆಟ ಇರಬಹುದು. ಅದಕ್ಕೆ ಅವರು ಮೈದಾನವನ್ನೋ ಗಾಳಿಯನ್ನೋ ಅಳೆಯಲು ಹೋಗುವುದಿಲ್ಲ. ಆ ದಿನ ಆಡಿದವರಲ್ಲಿ ಮೊದಲೇ ನೆಲೆಯಾದ ರೇಟಿಂಗ್ ಇರುವವರನ್ನು ಆರಿಸಿ, ಅವರಿಗೆ ಎಷ್ಟೆಷ್ಟು ಎಸೆತ ಬೇಕಾಯಿತು ಎಂದು ನೋಡಿ, ಅದರಿಂದಲೇ ಆ ದಿನದ ಕಷ್ಟ ಎಷ್ಟು ಅಂತ ತೆಗೆಯುತ್ತಾರೆ. 1000 ಅಂದರೆ ನುರಿತವರ ಮಟ್ಟ. ಹವ್ಯಾಸಿಗಳಲ್ಲಿ 900ಕ್ಕಿಂತ ಕೆಳಗಿನವರಿಗೆ ಒಂದು ವಿಭಾಗ, 850ಕ್ಕಿಂತ ಕೆಳಗಿನವರಿಗೆ ಇನ್ನೊಂದು. ಬೇಕಾದರೆ ಮೇಲಿನ ವಿಭಾಗದಲ್ಲಿ ಆಡಬಹುದು, ಮಿತಿ ದಾಟಿದವರು ಕೆಳಗಿನದಕ್ಕೆ ಇಳಿಯುವಂತಿಲ್ಲ.

ಅವರ ಜಾಣತನ ಕಾಣುವುದು ಸರಾಸರಿ ತೆಗೆಯುವ ರೀತಿಯಲ್ಲಿ. ಸುಮಾರು ಒಂದು ವರ್ಷದ ಸುತ್ತುಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಸಾಕಷ್ಟು ಸುತ್ತು ಆಡಿದ್ದರೆ ಇತ್ತೀಚಿನ ಕಾಲು ಭಾಗಕ್ಕೆ ಎರಡು ಪಟ್ಟು ಬೆಲೆ. ಬೇಗ ಕಲಿಯುವವರ ರೇಟಿಂಗ್ ಹಿಂದೆ ಬೀಳದಿರಲಿ ಎಂದು ಇದು. ಇನ್ನೊಂದು ನಿಯಮ ಇದಕ್ಕಿಂತ ಚಂದ. ನಿಮ್ಮ ಸರಾಸರಿಗಿಂತ 100ಕ್ಕೂ ಹೆಚ್ಚು ಅಂಕ ಕೆಳಗೆ ಬಿದ್ದ ಸುತ್ತನ್ನು ತೆಗೆದೇ ಹಾಕುತ್ತಾರೆ. ಮೇಲೆ ಹೋದದ್ದನ್ನು ಮಾತ್ರ ತೆಗೆಯುವುದಿಲ್ಲ. ಅಂದರೆ ತಟ್ಟೆಯನ್ನು ಬೇಕಂತ ಪೊದೆಗೆ ಎಸೆದು ಸುತ್ತು ಕೆಡಿಸಿಕೊಂಡರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಯಾರ ಮನಸ್ಸಿನಲ್ಲಿ ಏನಿತ್ತು ಎಂಬ ವಿಚಾರಣೆಯೇ ಬೇಡ. ಮೇಲಾಗಿ ಹವ್ಯಾಸಿ ವಿಭಾಗದಲ್ಲಿ ಗೆದ್ದವರಿಗೆ ಕೊಡುವುದು ಆಟದ ಸಾಮಾನು, ನಗದು ಅಲ್ಲ.

ಅಮೆರಿಕದ ಚೆಸ್ ಸಂಸ್ಥೆಯದು ಬೇರೆ ದಾರಿ. ಅಲ್ಲಿ ರೇಟಿಂಗ್‌ಗೆ ಒಂದು ತಳ ಇದೆ. ನಿಮ್ಮ ಅತಿ ಹೆಚ್ಚಿನ ರೇಟಿಂಗ್‌ನಿಂದ 200 ಕಳೆದು ಕೊನೆಯ ಎರಡು ಅಂಕಿ ಬಿಟ್ಟರೆ ಸಿಗುವುದೇ ತಳ. 1941 ಮುಟ್ಟಿದವರು ಎಷ್ಟೇ ಸೋತರೂ 1700ಕ್ಕಿಂತ ಕೆಳಗೆ ಹೋಗುವುದಿಲ್ಲ. ಮಿತಿ ಇರುವ ವಿಭಾಗದಲ್ಲಿ ದೊಡ್ಡ ಮೊತ್ತ ಗೆದ್ದವರಿಗೆ ಆ ಮಿತಿಯೇ ತಳವಾಗುತ್ತದೆ.

ದೃಷ್ಟಿಯ ಮಾತು ಬಾಕಿ ಇತ್ತು. ಒಂದು ಟೂರ್ನಿಯಲ್ಲಿ ಮಗು ತನ್ನ ಮಟ್ಟಕ್ಕಿಂತ ಬಹಳ ಮೇಲೆ ಆಡಿತು ಅಂದರೆ ಅದರಲ್ಲಿ ಕಲಿಕೆಯ ಪಾಲು ಇರುತ್ತದೆ, ಅದೃಷ್ಟದ ಪಾಲೂ ಇರುತ್ತದೆ. ಗೊತ್ತಿದ್ದ ಓಪನಿಂಗ್ (ಆಟದ ಆರಂಭದ ನಡೆಗಳು) ಬಂತು, ಎದುರಾಳಿಗೆ ಜ್ವರ ಇತ್ತು, ಹೀಗೆ. ಕಲಿತದ್ದು ಮುಂದಿನ ಸಲವೂ ಜೊತೆಗಿರುತ್ತದೆ, ಅದೃಷ್ಟ ಹಾಗಲ್ಲ. ಹಾಗಾಗಿ ಅತಿ ಒಳ್ಳೆಯ ಟೂರ್ನಿಯ ಮುಂದಿನದು ಸಾಮಾನ್ಯವಾಗಿ ಅದಕ್ಕಿಂತ ಸಪ್ಪೆ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರ ಹೋಲಿಸುವಾಗ ಇದನ್ನೇ ತೋರಿಸಿದ, ಬಹಳ ಎತ್ತರದವರ ಮಕ್ಕಳು ಸರಾಸರಿಯಲ್ಲಿ ಅವರಷ್ಟು ಎತ್ತರ ಇರುವುದಿಲ್ಲ. ಇದೇ ನಿಯಮ ತಿರುಗಿಸಿದರೂ ನಿಜ, ಅತಿ ಕೆಟ್ಟ ಟೂರ್ನಿಯ ಮುಂದಿನದು ಸಾಮಾನ್ಯವಾಗಿ ಸುಧಾರಿಸುತ್ತದೆ. ನಾವು ದೃಷ್ಟಿ ತೆಗೆಸುವುದು, ಕೈಗೆ ದಾರ ಕಟ್ಟಿಸುವುದು ಯಾವಾಗ? ಮಗು ಅತಿ ಕೆಟ್ಟದಾಗಿ ಆಡಿದ ಮೇಲೆ. ತಾನಾಗಿ ಬರಲಿದ್ದ ಚೇತರಿಕೆಯ ಹೆಸರೆಲ್ಲ ದಾರಕ್ಕೆ ಹೋಗುತ್ತದೆ. ನನಗೆ ನಿಜವಾಗಿ ಹೆದರಿಕೆ ಹುಟ್ಟಿಸುವುದು ಇದರ ಮುಂದಿನ ಹೆಜ್ಜೆ. ದಾರ ಕಟ್ಟದೆ ಬಂದ ದಿನ ಆ ಮಗು ಮೊದಲ ನಡೆಗೇ ಕೈ ನಡುಗಿಸುತ್ತದೆ. ಪಾಲಕರೇ, ದಯವಿಟ್ಟು ಅಷ್ಟಕ್ಕೆ ತರಬೇಡಿ.

ಟೂರ್ನಿ ನಡೆಸುವವರಿಗೂ ಒಂದು ಕೋರಿಕೆ. ಹ್ಯಾಂಡ್‌ಬಿಲ್ಲಿನಲ್ಲಿ "ಬಿಲೋ 1600" ಎಂದಷ್ಟೇ ಹಾಕುವ ಬದಲು "ಕಳೆದ 12 ತಿಂಗಳಲ್ಲಿ ಒಮ್ಮೆಯೂ 1600 ಮುಟ್ಟದವರಿಗೆ" ಅಂತ ಹಾಕಿ. ಫಿಡೆಯ ಜಾಲತಾಣದಲ್ಲಿ ಪ್ರತಿ ಆಟಗಾರನ ತಿಂಗಳು ತಿಂಗಳಿನ ರೇಟಿಂಗ್ ಸಿಗುತ್ತದೆ, ನೋಡಲು ಎರಡು ನಿಮಿಷ ಸಾಕು. ಮಿತಿಯೊಳಗಿನ ವಿಭಾಗದಲ್ಲಿ ದೊಡ್ಡ ನಗದು ಇಡಬೇಡಿ. ಗಡಿಯಾರ, ಬೋರ್ಡು, ಒಳ್ಳೆಯ ಪುಸ್ತಕ ಕೊಡಿ, ಉಳಿದ ಹಣವನ್ನು ಮಿತಿಯಿಲ್ಲದ ಓಪನ್ ವಿಭಾಗಕ್ಕೆ ಹಾಕಿ. ರೇಟಿಂಗ್ ಇಲ್ಲದವರಿಗೆ ಬೇರೆ ಬಹುಮಾನದ ಪಟ್ಟಿ ಇರಲಿ, ಯಾಕೆಂದರೆ ಅವರ ಬಗ್ಗೆ ನಮಗೆ ಏನೂ ಗೊತ್ತಿರುವುದಿಲ್ಲ. ತುಂಬಾ ಕಡಿಮೆ ಪಂದ್ಯ ಆಡಿದವರ ರೇಟಿಂಗನ್ನೂ ಅಷ್ಟೇ ಅನುಮಾನದಿಂದ ನೋಡಬೇಕು. ಮಾರ್ಕ್ ಗ್ಲಿಕ್‌ಮನ್ 1995ರಲ್ಲಿ ರೂಪಿಸಿದ ಪದ್ಧತಿಯಲ್ಲಿ ರೇಟಿಂಗ್ ಪಕ್ಕದಲ್ಲೇ ಅದು ಎಷ್ಟು ಅಲುಗಾಡಬಹುದು ಅನ್ನುವ ಇನ್ನೊಂದು ಸಂಖ್ಯೆ ಇರುತ್ತದೆ, ಲಿಚೆಸ್ ಬಳಸುವುದು ಅದರ ಮುಂದಿನ ರೂಪವನ್ನೇ. ನಮ್ಮ ಪಟ್ಟಿಗಳಲ್ಲೂ ಅಂಥದ್ದೊಂದು ಕಾಲಂ ಬೇಕು. ಅದು ಬರುವ ತನಕ, ಶಿರಸಿ, ಯಲ್ಲಾಪುರ, ಅಂಕೋಲಾ, ಭಟ್ಕಳದ ಮಕ್ಕಳನ್ನು ವರ್ಷಕ್ಕೆ ಮೂರ್ನಾಲ್ಕು ಸಲವಾದರೂ ಒಂದೇ ಹಾಲ್‌ನಲ್ಲಿ ಧಾರವಾಡ, ಶಿವಮೊಗ್ಗದವರ ಎದುರು ಕೂರಿಸಿ. ಬಸ್ ಚಾರ್ಜನ್ನು ಬಹುಮಾನದ ಹಣದಿಂದಲೇ ಕೊಡಬಹುದು.