ಸೋಂಕು ಅಂದರೆ ಮೊದಲು ಮುಟ್ಟುವುದು

ಹೋದ ವಾರ ಮತ್ತೊಂದು ಆಸ್ಪತ್ರೆಯಲ್ಲಿ ‘ಸೋಂಕುನಿವಾರಣಾ ಕೊಠಡಿ’ ಅಂತ ಬೋರ್ಡು ನೋಡಿದೆ. ಒಳಗೆ ಇದ್ದದ್ದು ಒಂದೇ ಸಿಂಕು. ರೋಗಿಯ ಹೊಟ್ಟೆಯಿಂದ ಆಗಷ್ಟೇ ಹೊರಬಂದ ಎಂಡೋಸ್ಕೋಪನ್ನು, ಅಂದರೆ ಒಳಗನ್ನು ನೋಡುವ ಉದ್ದನೆಯ ಬಳುಕುವ ಕೊಳವೆಯನ್ನು, ಅದರಲ್ಲೇ ತೊಳೆದರು. ಆಮೇಲೆ ಗ್ಲುಟರಾಲ್ಡಿಹೈಡ್ ಅನ್ನುವ ಸೋಂಕುನಿವಾರಕ ದ್ರವದ ಟ್ರೇಯಲ್ಲಿ ಮುಳುಗಿಸಿಟ್ಟರು. ತೆಗೆದು ಮತ್ತೆ ಅದೇ ಸಿಂಕಿನಲ್ಲಿ, ಅದೇ ಗ್ಲೌಸಿನಲ್ಲಿ ಜಾಲಿಸಿದರು. ‘ಸಿಸ್ಟರ್, ಸ್ಟೆರಿಲೈಸ್ ಆಯ್ತು, ತಗೊಂಡು ಹೋಗ್ಲಾ?’ ಅಂತ ಹುಡುಗ ಕೇಳಿದ.

ಸ್ಟೆರಿಲೈಸ್ ಆಗಿರಲಿಲ್ಲ. ಸೋಂಕು ನಿವಾರಣೆಯಾಗಿತ್ತು ಅನ್ನೋಣ ಅಂದರೆ, ಆ ಸಿಂಕು ಅದನ್ನೂ ಹಾಳು ಮಾಡಿತ್ತು.

‘ಸೋಂಕು’ ಪದಕ್ಕೆ ಕಾಯಿಲೆಯ ಅರ್ಥ ಆಮೇಲೆ ಅಂಟಿಕೊಂಡದ್ದು. ಹಳಗನ್ನಡದಲ್ಲಿ ಸೋಂಕು ಅಂದರೆ ತಾಗು, ಮುಟ್ಟು. ‘ಬಿಸಿಲು ಸೋಕದ ಜಾಗ’, ‘ತಂಗಾಳಿ ಸೋಕಿತು’ ಅಂತೀವಲ್ಲ, ಆ ಸೋಕು ಇದೇ. ಮಗು ಸುಮ್ನೆ ಅಳುತ್ತಿದ್ದರೆ ಅಜ್ಜಿ ‘ಏನೋ ಗಾಳಿ ಸೋಕಿದೆ’ ಅನ್ನುವುದೂ ಇದರಿಂದಲೇ. ಇಂಗ್ಲಿಷಿನ ಇನ್‌ಫೆಕ್ಷನ್ ಲ್ಯಾಟಿನ್ನಿನಿಂದ ಬಂದದ್ದು. ಅಲ್ಲಿ ಮೂಲ ಅರ್ಥ ಅದ್ದುವುದು, ಬಣ್ಣ ಹತ್ತಿಸುವುದು. ನನಗೆ ನಮ್ಮ ಪದವೇ ಜಾಸ್ತಿ ಇಷ್ಟ. ಯಾವುದು ಯಾವುದನ್ನು ಮುಟ್ಟಿತು ಅಂತ ಅದು ನೇರವಾಗಿ ಕೇಳುತ್ತದೆ.

ಉಪಕರಣ ಶುಚಿ ಮಾಡುವ ಈ ಕೆಲಸದ ಇಡೀ ಲೆಕ್ಕ ನಿಂತಿರುವುದೂ ಆ ಪ್ರಶ್ನೆಯ ಮೇಲೆಯೇ. 1950ರ ದಶಕದಲ್ಲಿ ಅರ್ಲ್ ಸ್ಪಾಲ್ಡಿಂಗ್ ಅನ್ನುವ ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಆಸ್ಪತ್ರೆಯ ಉಪಕರಣಗಳನ್ನು ಮೂರು ಗುಂಪು ಮಾಡಿದರು. ಗಾಯವಿಲ್ಲದ ಚರ್ಮವನ್ನಷ್ಟೇ ಮುಟ್ಟುವುದು ಒಂದು, ಲೋಳೆಪೊರೆಯನ್ನು ಮುಟ್ಟುವುದು ಇನ್ನೊಂದು, ರಕ್ತಕ್ಕೂ ಒಳಗಿನ ಅಂಗಾಂಶಕ್ಕೂ ಇಳಿಯುವುದು ಮೂರನೆಯದು. ಹೊಟ್ಟೆಯ ಎಂಡೋಸ್ಕೋಪು ಎರಡನೇ ಗುಂಪು. ಅದಕ್ಕೆ ಕನಿಷ್ಠ ಉನ್ನತ ಮಟ್ಟದ ಸೋಂಕುನಿವಾರಣೆ ಬೇಕು. ಬೀಜಕಣಗಳು, ಅಂದರೆ ಕೆಲವು ಬ್ಯಾಕ್ಟೀರಿಯಾ ತಾಳುವ ಗಟ್ಟಿ ಚಿಪ್ಪಿನ ರೂಪ, ತುಂಬಾ ಇದ್ದರೆ ಕೆಲವು ಉಳಿಯಬಹುದು, ಬೇರೆ ಎಲ್ಲ ಸೂಕ್ಷ್ಮಜೀವಿಗಳೂ ಸಾಯುತ್ತವೆ. ಅದೇ ಸ್ಕೋಪಿನ ಒಳಗಿಂದ ಹೋಗಿ ಪೊರೆಯ ಚೂರು ಕಿತ್ತು ತರುವ ಬಯಾಪ್ಸಿ ಫೋರ್ಸೆಪ್ಸ್ ಮೂರನೇ ಗುಂಪು. ಅದು ಸ್ಟೆರೈಲ್ ಆಗಿಯೇ ಇರಬೇಕು.

ಸ್ಟೆರೈಲ್ ಅಂದರೆ ಲ್ಯಾಟಿನ್ನಿನಲ್ಲಿ ಬರಡು. ಸಂಸ್ಕೃತದ ‘ಸ್ತರೀ’ ಇದಕ್ಕೆ ದೂರದ ನೆಂಟ, ಅರ್ಥ ಗೊಡ್ಡು ಹಸು. ಒಂದೇ ಒಂದು ಜೀವವೂ ಹುಟ್ಟಲು ಉಳಿದಿಲ್ಲ ಅನ್ನುವ ಮಾತು ಅದು. ಟ್ರೇಯಲ್ಲಿ ಸ್ವಲ್ಪ ಹೊತ್ತು ಮುಳುಗಿ ಎದ್ದದ್ದಕ್ಕೆ ಆ ಮಾತು ಸಲ್ಲುವುದಿಲ್ಲ.

ಇನ್ನು ‘ತೊಳೆದರೆ ಆಯ್ತು’ ಅನ್ನುವವರಿಗೆ. ಗ್ಯಾಸ್ಟ್ರೋಸ್ಕೋಪಿನೊಳಗಿನ (ಹೊಟ್ಟೆಯ ಎಂಡೋಸ್ಕೋಪಿನೊಳಗಿನ) ನಾಳ ಸಾಮಾನ್ಯವಾಗಿ 2.8 ಮಿಲಿಮೀಟರ್ ಅಗಲ, ಉದ್ದ ಮೀಟರಿಗೂ ಜಾಸ್ತಿ. ಬ್ರಷ್ಷನ್ನು ಒಂದು ತುದಿಯಿಂದ ತೂರಿಸಿ ಇನ್ನೊಂದು ತುದಿಯಲ್ಲಿ ಹೊರಗೆ ಬಂದಾಗ ಕೂದಲು ನೋಡಬೇಕು. ಹಳದಿ ಲೋಳೆ ಕಂಡರೆ ಬ್ರಷ್ಷನ್ನು ತೊಳೆದು ಮತ್ತೆ ತೂರಿಸಬೇಕು, ಏನೂ ಅಂಟದೆ ಬರುವವರೆಗೆ. ಮುಸುರೆ ಒಣಗಿದ ಪಾತ್ರೆ ತಿಕ್ಕಿದವರಿಗೆ ಇದು ಗೊತ್ತು. ಅದಕ್ಕೇ ಸ್ಕೋಪು ಹೊರಬಂದ ಕೂಡಲೇ, ರೋಗಿಯ ಹಾಸಿಗೆಯ ಪಕ್ಕದಲ್ಲೇ ಮೊದಲ ಒರೆಸುವಿಕೆ ಆಗಬೇಕು. ಬ್ರಷ್ಷಿನ ಕೆಲಸ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಶುರುವಾಗಬೇಕು. ಕೊಳೆ ಉಳಿದಿದ್ದಾಗಲೇ ಗ್ಲುಟರಾಲ್ಡಿಹೈಡಿಗೆ ಹಾಕಿದರೆ ಅದು ಪ್ರೋಟೀನನ್ನು ಗಟ್ಟಿ ಮಾಡಿ ಗೋಡೆಗೆ ಕಚ್ಚಿಸಿಬಿಡುತ್ತದೆ. ಬೆಂದ ಮೊಟ್ಟೆ ಬಾಣಲೆಗೆ ಹಿಡಿದ ಹಾಗೆ.

ಚೆನ್ನಾಗಿ ತೊಳೆದರೂ ಸಾಲದೆ ಹೋಗಬಹುದು. ಪಿತ್ತನಾಳದ ಚಿಕಿತ್ಸೆಗೆ ಬಳಸುವ ಡ್ಯುವೊಡಿನೋಸ್ಕೋಪಿನ ತುದಿಯಲ್ಲಿ ಒಳಗಿಂದ ಬರುವ ಉಪಕರಣವನ್ನು ಎತ್ತಿ ತಿರುಗಿಸುವ ಒಂದು ಸಣ್ಣ ಸನ್ನೆ ಇದೆ. ಅದರ ಸಂದು ಶುಚಿ ಮಾಡುವುದು ಕಷ್ಟ. 2015ರ ಫೆಬ್ರವರಿಯಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು.

ಕೊಠಡಿಯ ನಕ್ಷೆ ಈ ಮುಟ್ಟುವಿಕೆಯ ಲೆಕ್ಕವನ್ನು ನೆಲದ ಮೇಲೆ ಬರೆದ ಹಾಗೆ. ಕೊಳೆಯ ಬಾಗಿಲಿಂದ ಬಂದ ಸ್ಕೋಪು ಮುಂದಕ್ಕೇ ಹೋಗಬೇಕು: ಲೀಕ್ ಟೆಸ್ಟ್ (ಎಲ್ಲಾದರೂ ತೂತಾಗಿದೆಯೇ ಅಂತ ನೋಡುವುದು), ಬ್ರಷ್, ಜಾಲಿಸುವುದು, ಕಣ್ಣಿಟ್ಟು ನೋಡುವುದು, ಸೋಂಕುನಿವಾರಣೆಯ ಯಂತ್ರ ಅಥವಾ ಟ್ರೇ, ಕೊನೆಯ ಜಾಲಿಕೆ, ಒಣಗಿಸುವುದು, ಕಪಾಟು. ಬಂದ ದಾರಿಯಲ್ಲೇ ವಾಪಸ್ ಹೋದರೆ ಮಾಡಿದ ಕೆಲಸ ನೀರುಪಾಲು. ಎಂಡೋಸ್ಕೋಪು ಶುಚಿ ಮಾಡುವುದರ ಬಗೆಗಿನ ಅಮೆರಿಕದ ಎಸ್‌ಟಿ91 ಮಾನದಂಡದ 2021ರ ಆವೃತ್ತಿ ಇದಕ್ಕೆ ಎರಡು ಕೊಠಡಿ ಇರಲಿ ಅನ್ನುತ್ತದೆ. ಕೊಳೆಯ ಕಡೆ ಗಾಳಿಯ ಒತ್ತಡ ಕಡಿಮೆ, ಶುಚಿಯ ಕಡೆ ಜಾಸ್ತಿ. ಹಾಗಿದ್ದರೆ ಗಾಳಿಯೂ ಹಿಂದಕ್ಕೆ ಬರುವುದಿಲ್ಲ. ಒಣಗಿಸುವುದಕ್ಕೆ ನಾಳದೊಳಗೆ ಕನಿಷ್ಠ 10 ನಿಮಿಷ ಗಾಳಿ ಹಾಯಿಸಬೇಕು ಅನ್ನುತ್ತದೆ ಅದೇ ಮಾನದಂಡ. ನಮ್ಮಲ್ಲಿ ಅವಸರಕ್ಕೆ ಮೊದಲು ಬಲಿಯಾಗುವುದು ಈ 10 ನಿಮಿಷವೇ. ಒದ್ದೆ ನಾಳದಲ್ಲಿ ಒಂದೆರಡು ಬ್ಯಾಕ್ಟೀರಿಯಾ ಉಳಿದಿದ್ದರೂ ಬೆಳಗಾಗುವಷ್ಟರಲ್ಲಿ ಬೆಳೆದು ತುಂಬಿರುತ್ತವೆ.

ಎರಡು ಕೊಠಡಿಗೆ ಜಾಗ ಇಲ್ಲ ಅನ್ನುವ ಕಷ್ಟ ನನಗೆ ಅರ್ಥವಾಗುತ್ತದೆ. ಒಂದೇ ಕೊಠಡಿಯಾದರೂ ಎರಡು ಸಿಂಕು, ನಡುವೆ ಒಂದು ಅಡ್ಡಗೋಡೆ ಬೇಕೇ ಬೇಕು. ಟ್ರೇಯಿಂದ ಎತ್ತುವ ಮೊದಲು ಗ್ಲೌಸ್ ಬದಲಾಗಬೇಕು. ಆ ಹುಡುಗನ ಕೊಠಡಿಯಲ್ಲಿ ಕಿಟಕಿಯ ಕೆಳಗೆ ಎರಡನೇ ಸಿಂಕಿಗೆ ಜಾಗ ಇದೆ, ನಾನೇ ಅಳತೆ ಮಾಡಿ ಬರೆದುಕೊಟ್ಟು ಬಂದೆ. ಅದು ಬರುವವರೆಗೆ ಬೋರ್ಡಿನ ಮೇಲೆ ‘ಸ್ಕೋಪ್ ತೊಳೆಯುವ ಕೊಠಡಿ’ ಅಂತ ಬರೆಸಿ ಅಂದಿದ್ದೇನೆ.