ಹೊಳೆನರಸೀಪುರದ ಸ್ವಾಮಿಗಳು ಶಂಕರಾಚಾರ್ಯರನ್ನೇ ವಿರೋಧಿಸಿದ್ರಾ?

ಪ್ರಶ್ನೆ: ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು ಅದ್ವೈತಿಗಳಾಗಿದ್ದೂ ಅವಿದ್ಯೆ ಇಲ್ಲ ಅಂತ ವಾದ ಮಾಡಿದ್ರಂತೆ, ಹಾಗಾದ್ರೆ ಅದು ಶಂಕರರ ವಿರುದ್ಧ ಆಗ್ಲಿಲ್ವಾ?

ಉತ್ತರ: ಖಂಡಿತ ಇಲ್ಲ. ಅವರು ಬೇಡ ಅಂದಿದ್ದು ಅವಿದ್ಯೆನಲ್ಲ, ಅಂದ್ರೆ ತಪ್ಪು ತಿಳುವಳಿಕೆನಲ್ಲ, ಆ ತಪ್ಪಿಗೆ ಬೇರು ಅಂತ ಆಮೇಲಿನವರು ಹೇಳಿದ ಮೂಲಾವಿದ್ಯೆನ. ಈ ಎರಡನ್ನ ಕಲಸಿಬಿಟ್ರೆ ಆ ಮನುಷ್ಯನ ಇಡೀ ಜೀವನದ ಕೆಲಸಾನೇ ತಪ್ಪಾಗಿ ಕಾಣುತ್ತೆ.

ಮುಸ್ಸಂಜೇಲಿ ಹಗ್ಗ ತುಳಿದು ಹಾವು ಅಂತ ಬೆಚ್ಚಿಬೀಳ್ತೀವಲ್ಲ, ಅದನ್ನ ನೆನಪಿಟ್ಕೊಳ್ಳಿ. ಬ್ರಹ್ಮಸೂತ್ರಗಳಿಗೆ ಬರೆದ ಭಾಷ್ಯದ ಶುರುವಲ್ಲೇ ಶಂಕರರು ಅಧ್ಯಾಸ ಅಂದ್ರೆ "ಅತಸ್ಮಿಂಸ್ತದ್ಬುದ್ಧಿಃ" ಅಂತಾರೆ, ಅಂದ್ರೆ ಅದಲ್ಲದ್ದನ್ನ ಅದು ಅಂದ್ಕೊಳ್ಳೋದು, ಮತ್ತೆ ಪಂಡಿತರು ಇದನ್ನೇ ಅವಿದ್ಯೆ ಅಂತಾರೆ ಅಂತಾನೂ ಅಲ್ಲೇ ಹೇಳ್ತಾರೆ. ಆಮೇಲೆ ಬಂದ ವ್ಯಾಖ್ಯಾನಕಾರರು, ಮುಖ್ಯವಾಗಿ ಪಂಚಪಾದಿಕಾ, ವಿವರಣ ಅನ್ನೋ ವ್ಯಾಖ್ಯಾನಗಳ ಕಡೆಯವರು, ಮಡಕೆಗೆ ಮಣ್ಣಿದ್ದ ಹಾಗೆ ಈ ತಪ್ಪಿಗೂ ಒಂದು ಉಪಾದಾನ, ಅಂದ್ರೆ ಮೂಲವಸ್ತು ಬೇಕಲ್ಲ ಅಂತ ಭಾವರೂಪವಾದ, ಅಂದ್ರೆ ಇರೋ ವಸ್ತುವಿನ ಹಾಗಿರೋ ಒಂದು ಅವಿದ್ಯೆ ಇದೆ ಅಂದ್ರು, ಅದೇ ಮೂಲಾವಿದ್ಯೆ. ಸ್ವಾಮಿಗಳು ಕೇಳಿದ್ದು ಇಷ್ಟೇ, ಇದು ಭಾಷ್ಯದಲ್ಲಿ ಎಲ್ಲಿದೆ? ನಿಜವಾಗ್ಲೂ ಇರೋ ವಸ್ತು ಬರೀ ಜ್ಞಾನದಿಂದ ಹೇಗೆ ಹೋಗುತ್ತೆ? ದೀಪ ತಂದ ಮೇಲೆ ಕೋಲು ತಗೊಂಡು ಹೊಡೆದೋಡಿಸೋಕೆ ಅಲ್ಲಿ ಹಾವೇ ಇರಲ್ಲ, ಇದ್ದಿದ್ದು ನಮ್ಮ ತಪ್ಪು ತಿಳುವಳಿಕೆ ಮಾತ್ರ.

ಸ್ವಾಮಿಗಳು 1880ರಲ್ಲಿ ಹುಟ್ಟಿದವರು, ಪೂರ್ವಾಶ್ರಮದಲ್ಲಿ ಯಲ್ಲಂಬಳಸೆ ಸುಬ್ರಾಯ ಶರ್ಮರು, ಸ್ಕೂಲ್ ಮೇಷ್ಟ್ರು. 1920ರಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಅನ್ನೋ ವೇದಾಂತದ ಸಂಸ್ಥೆ ಶುರು ಮಾಡಿದ್ರು, ಮುಂದೆ ಅದು ಹೇಮಾವತಿ ದಡದ ಹೊಳೆನರಸೀಪುರಕ್ಕೆ ಹೋಯ್ತು. 1929ರಲ್ಲಿ, ಇನ್ನೂ ಗೃಹಸ್ಥರಾಗಿದ್ದಾಗ್ಲೇ, ಸಂಸ್ಕೃತದಲ್ಲಿ ಮೂಲಾವಿದ್ಯಾನಿರಾಸ ಬರೆದ್ರು, ಅದಕ್ಕೆ ಅವರಿಟ್ಟ ಇನ್ನೊಂದು ಹೆಸರು ಶ್ರೀಶಂಕರಹೃದಯ, ನಿಮ್ಮ ಪ್ರಶ್ನೆಗೆ ಆ ಹೆಸರೇ ಉತ್ತರ ನೋಡಿ. ಪಂಡಿತರಿಂದ ಜೋರು ವಿರೋಧ ಬಂತು, ಇವರು ಜಗ್ಗಲಿಲ್ಲ. 1948ರಲ್ಲಿ ಸನ್ಯಾಸ ತಗೊಂಡ್ರು, 1964ರಲ್ಲಿ ವೇದಾಂತಪ್ರಕ್ರಿಯಾಪ್ರತ್ಯಭಿಜ್ಞಾ ಅನ್ನೋ ದೊಡ್ಡ ಗ್ರಂಥ ಬಂತು, ಆಗ ವಯಸ್ಸು ಎಂಬತ್ತು ದಾಟಿತ್ತು. 1975ರಲ್ಲಿ ದೇಹ ಬಿಟ್ರು. ಇದರ ಮಧ್ಯೆ ಶಂಕರರ ಭಾಷ್ಯಗಳನ್ನ ಕನ್ನಡಕ್ಕೆ ತಂದ್ರಲ್ಲ, ಸಂಸ್ಕೃತ ಗೊತ್ತಿಲ್ಲದ ನನ್ನಂಥವರಿಗೆ ಅದೇ ದೊಡ್ಡ ಉಪಕಾರ.

ನನಗೆ ತುಂಬಾ ಹಿಡಿಸಿದ್ದು ಅವರು ನಿದ್ದೆ ಬಗ್ಗೆ ಹೇಳೋದು. ಗಾಢನಿದ್ದೇಲೂ ಅವಿದ್ಯೆ ಬೀಜದ ಹಾಗೆ ಉಳಿದಿರುತ್ತೆ ಅಂತ ಮೂಲಾವಿದ್ಯೆಯವರು ಹೇಳಿದ್ರೆ, ಇವರು ನಿಮ್ಮ ಅನುಭವಾನೇ ನೋಡ್ಕೊಳ್ಳಿ ಅಂತಾರೆ. ಅಲ್ಲಿ ನಾನು ಇಂಥವನು ಅನ್ನೋದಿಲ್ಲ, ನಂದು ಅನ್ನೋದಿಲ್ಲ, ಎರಡನೇದು ಅಂತ ಏನೂ ಇಲ್ಲ, ತಪ್ಪು ತಿಳ್ಕೊಳ್ಳೋಕೆ ಅಲ್ಲಿ ಯಾರಿದ್ದಾರೆ? ಅವಿದ್ಯೆ ಇತ್ತು ಅಂತ ನಾವು ಹೇಳೋದು ಎದ್ದ ಮೇಲೆ, ಎಚ್ಚರದಲ್ಲಿ ಕೂತ್ಕೊಂಡು.