ಗದಗ ಬಸ್ಸು ಎಷ್ಟಕ್ಕೆ ಹೊರಡುತ್ತದೆ?

ಪೆನ್ನೊಂದನ್ನು ಎತ್ತಿ ಹಿಡಿದು ಶಿಕ್ಷಕಿ ‘ವಾಟ್ ಈಸ್ ದಿಸ್?’ ಎನ್ನುತ್ತಾರೆ. ಮಕ್ಕಳೆಲ್ಲ ಒಂದೇ ದನಿಯಲ್ಲಿ ‘ದಿಸ್ ಈಸ್ ಎ ಪೆನ್’ ಎನ್ನುತ್ತಾರೆ. ಅದು ಪೆನ್ನು ಎಂದು ಕೇಳಿದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು. ಹುಬ್ಬಳ್ಳಿಯ ಸಾಲಿಯಾಗಲಿ, ಹಾವೇರಿ ಕಡೆಯ ಹಳ್ಳಿ ಸಾಲಿಯಾಗಲಿ, ಇಂಗ್ಲಿಷ್ ತಾಸು ಬೇಸರ ತರಿಸುವುದು ಬಹುಮಟ್ಟಿಗೆ ಇದರಿಂದಲೇ. ಮಾತಾಡಲು ಕಾರಣವಿಲ್ಲದ ಕಡೆ ಮಕ್ಕಳನ್ನು ಮಾತಾಡಿಸುತ್ತಿದ್ದೇವೆ.

ಲೆಕ್ಕ ಹಾಕಿ ನೋಡಿ. 40 ನಿಮಿಷದ ಪಿರಿಯಡ್, 40 ಮಕ್ಕಳು. ಹಾಜರಿ, ಹೋಂವರ್ಕ್ ಎಂದು 10 ನಿಮಿಷ ಹೋಯಿತು. ಉಳಿದದ್ದರಲ್ಲಿ ಅರ್ಧ ಶಿಕ್ಷಕರ ಮಾತು ಎಂದರೂ ಮಕ್ಕಳ ಪಾಲಿಗೆ 15 ನಿಮಿಷ, ಅಂದರೆ ತಲೆಗೆ 22 ಸೆಕೆಂಡು. ಅದೇ ಮಕ್ಕಳನ್ನು ಇಬ್ಬಿಬ್ಬರನ್ನಾಗಿ ಕೂರಿಸಿ 10 ನಿಮಿಷ ಬಿಟ್ಟರೆ ಒಬ್ಬೊಬ್ಬರಿಗೂ ಸುಮಾರು 5 ನಿಮಿಷದ ಮಾತು ಸಿಗುತ್ತದೆ. ಆದರೆ ‘ಮಾತಾಡಿರಿ’ ಎಂದು ಬಿಟ್ಟರೆ ಸಾಲದು. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿರಬಾರದು.

ನಿಜವಾದ ಕೆಲಸ ಕೊಟ್ಟು ಅದರ ಮೂಲಕ ಭಾಷೆ ಕಲಿಸುವ ವಿಚಾರ ನಮ್ಮ ನೆಲದಲ್ಲೇ ಪರೀಕ್ಷೆಗೆ ಒಳಗಾಗಿದೆ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಮತ್ತು ಸಂಗಡಿಗರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ವ್ಯಾಕರಣದ ಪಾಠಪಟ್ಟಿಯನ್ನು ಬದಿಗಿಟ್ಟು, ವೇಳಾಪಟ್ಟಿ, ನಕ್ಷೆಗಳಂಥವನ್ನು ಮುಂದಿಟ್ಟು ಇಂಗ್ಲಿಷ್ ಕಲಿಸಿದರು. ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಅದು ಹೆಸರಾಯಿತು. ಮಗುವಿನ ಗಮನ ಅರ್ಥದ ಮೇಲಿದ್ದರೆ ವ್ಯಾಕರಣ ಒಳಗೊಳಗೇ ಕೂಡಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ಜೋಡಿ ಕೆಲಸಕ್ಕೆ ಮಾತ್ರ ಅವರು ಅಷ್ಟು ಒಲಿಯಲಿಲ್ಲ. ಮಕ್ಕಳು ಒಬ್ಬರ ತಪ್ಪನ್ನು ಇನ್ನೊಬ್ಬರು ಗಟ್ಟಿ ಮಾಡಿಕೊಂಡಾರು ಎಂಬ ಆತಂಕ ಅವರಿಗಿತ್ತು. ಆ ಆತಂಕ ನಿಜವಾದದ್ದೇ. ಆದ್ದರಿಂದ ಮೊದಲು ಇಡೀ ತರಗತಿಯೊಂದಿಗೆ ಶಿಕ್ಷಕರೇ ಮಾಡಿ ತೋರಿಸಬೇಕು, ಜೋಡಿಗಳಿಗೆ ಬಿಡುವುದು ಆಮೇಲೆ.

ಬೇಕಾಗುವುದು ಇಷ್ಟೇ: ಒಂದು ಹಾಳೆಯನ್ನು ಎರಡು ಮಾಡಿ ಚೀಟಿ ತಯಾರಿಸಿ. ಎರಡರಲ್ಲೂ ಹುಬ್ಬಳ್ಳಿಯಿಂದ ಹೊರಡುವ ಆರು ಬಸ್ಸುಗಳ ಹೆಸರಿರಲಿ: ಗದಗ, ಹಾವೇರಿ, ಧಾರವಾಡ, ನರಗುಂದ, ಬ್ಯಾಡಗಿ, ಲಕ್ಷ್ಮೇಶ್ವರ. ವೇಳೆ ನೀವೇ ಹಾಕಿ. ‘ಎ’ ಚೀಟಿಯಲ್ಲಿ ಮೂರರ ವೇಳೆ ಇದ್ದರೆ ಉಳಿದ ಮೂರು ಖಾಲಿ, ‘ಬಿ’ಯಲ್ಲಿ ಅದರ ತಿರುವು. ಬೋರ್ಡಿನ ಮೇಲೆ ‘ವಾಟ್ ಟೈಮ್ ಡಸ್ ದ ಗದಗ್ ಬಸ್ ಲೀವ್?’, ‘ಇಟ್ ಲೀವ್ಸ್ ಅಟ್ ಟೆನ್ ಫಿಫ್ಟೀನ್’ ಎಂದು ಬರೆಯಿರಿ. ಒಬ್ಬ ಹುಡುಗಿಯನ್ನು ಮುಂದೆ ಕರೆದು ಎರಡು ವೇಳೆಗಳನ್ನು ಎಲ್ಲರೆದುರು ಕೇಳಿ-ಹೇಳಿ ತೋರಿಸಿ, ಆಮೇಲೆ ಜೋಡಿಗಳಿಗೆ 8 ನಿಮಿಷ ಕೊಡಿ. ಎರಡು ನಿಮಿಷಕ್ಕೊಮ್ಮೆ ಬೋರ್ಡಿನ ಒಂದೊಂದು ಪದ ಅಳಿಸುತ್ತಾ ಬನ್ನಿ. ‘ಡಸ್’ ಕೊನೆಗೆ ಹೋಗಲಿ, ಏಕೆಂದರೆ ಕನ್ನಡದ ಪ್ರಶ್ನೆಯಲ್ಲಿ ಅಂಥ ಪದಕ್ಕೆ ಜಾಗವೇ ಇಲ್ಲ. ‘ಗದಗ ಬಸ್ ಎಷ್ಟಕ್ಕ ಐತಿ?’ ಎನ್ನುವ ಮಗು ಅದೇ ಸಾಲಿಗೆ ಇಂಗ್ಲಿಷ್ ಪದ ಜೋಡಿಸಿ ‘ಗದಗ್ ಬಸ್ ವಾಟ್ ಟೈಮ್?’ ಎನ್ನುವುದು ಸಹಜ.

ಎಡವುವ ಜಾಗಗಳಿವೆ. ಮೊದಲನೆಯದು, ಮಕ್ಕಳು ಚೀಟಿಯನ್ನೇ ತೋರಿಸಿಬಿಡುತ್ತಾರೆ. ಅಲ್ಲಿಗೆ ಮಾತಿನ ಅಗತ್ಯವೇ ಮುಗಿಯಿತು. ನಡುವೆ ಪಾಟಿಚೀಲ ನಿಲ್ಲಿಸಿ, ಇಲ್ಲವೇ ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿ. ಹಾಗೆ ಕೂತರೆ ದನಿ ತಾನಾಗಿ ಏರುತ್ತದೆ, ಪಕ್ಕದ ತರಗತಿಯವರಿಗೆ ಮೊದಲೇ ಒಂದು ಮಾತು ಹೇಳಿಡುವುದು ಒಳ್ಳೆಯದು. ಬೇಗ ಮುಗಿಸಿದವರು ಗದ್ದಲ ಶುರು ಮಾಡುತ್ತಾರೆ. ಅವರಿಗೆ ಇದನ್ನು ಕೊಡಿ: ಬ್ಯಾಡಗಿಯಿಂದ ಬರುವವರು ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ 11 ಗಂಟೆಗೆ ಧಾರವಾಡದಲ್ಲಿ ಪರೀಕ್ಷೆಗೆ ಕೂರಬೇಕು. ಬದಲಿಸಲು 15 ನಿಮಿಷ, ಮುಂದಿನ ದಾರಿಗೆ 45 ನಿಮಿಷ ಎಂದುಕೊಂಡರೆ ಹುಬ್ಬಳ್ಳಿಗೆ ಎಷ್ಟರೊಳಗೆ ಬರಬೇಕು? ಉತ್ತರ 10 ಗಂಟೆ. ಆದರೆ ಅಲ್ಲಿಗೆ ಮುಟ್ಟುವ ದಾರಿಯನ್ನು ‘ಬಿಕಾಸ್’ ಹಾಕಿ ಹೇಳಬೇಕು. ಪ್ರಭು ಅವರು ಹೆಚ್ಚು ಮೆಚ್ಚಿದ್ದು ಇಂಥ ಯೋಚಿಸಿ ಬಿಡಿಸುವ ಕೆಲಸಗಳನ್ನೇ.

10.15 ಮತ್ತು 10.50 ಎರಡನ್ನೂ ಬೇಕೆಂದೇ ಚೀಟಿಯಲ್ಲಿ ಹಾಕಿ. ‘ಫಿಫ್ಟೀನ್’, ‘ಫಿಫ್ಟಿ’ ಖಂಡಿತ ಅದಲುಬದಲಾಗುತ್ತವೆ. ಮೊದಲನೆಯದನ್ನು ಬಿಡಿಯಾಗಿ ಹೇಳುವಾಗ ಒತ್ತು ಕೊನೆಯ ‘ಟೀನ್’ ಮೇಲೆ ಬೀಳುತ್ತದೆ, ಎರಡನೆಯದರಲ್ಲಿ ಮೊದಲ ‘ಫಿಫ್’ ಮೇಲೆ. ಕನ್ನಡದಲ್ಲಿ ಪದದ ಒತ್ತು ಬದಲಾದರೆ ಅರ್ಥ ಬದಲಾಗುವುದಿಲ್ಲ, ಹಾಗಾಗಿ ನಮ್ಮ ಕಿವಿ ಅದನ್ನು ಗಮನಿಸುವುದೇ ಇಲ್ಲ. ಚೀಟಿ ತಾಳೆ ನೋಡಿದಾಗ ಬಸ್ಸು ತಪ್ಪಿತೆಂದು ಗೊತ್ತಾಗುತ್ತದಲ್ಲ, ಒತ್ತಿಗೆ ಚಪ್ಪಾಳೆ ತಟ್ಟಿ ಕಲಿಸಲು ಅದೇ ಸರಿಯಾದ ಗಳಿಗೆ.

ತಪ್ಪು ತಿದ್ದುವ ಬಗೆಯೂ ಮುಖ್ಯ. ರಾಯ್ ಲೈಸ್ಟರ್ ಮತ್ತು ಲೀಲಾ ರಾಂಟಾ 1997ರಲ್ಲಿ ಕೆನಡಾದ ಫ್ರೆಂಚ್ ತರಗತಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಶಿಕ್ಷಕರ ತಿದ್ದುಪಡಿಗಳಲ್ಲಿ ಶೇ 55ರಷ್ಟು ‘ಸರಿಯಾದ ರೂಪವನ್ನು ತಾವೇ ಹೇಳಿಬಿಡುವುದು’ ಆಗಿತ್ತು. ಅವುಗಳಿಗೆ ಮಕ್ಕಳು ಪ್ರತಿಕ್ರಿಯಿಸಿದ್ದು ಮೂರರಲ್ಲಿ ಒಂದಕ್ಕಿಂತಲೂ ಕಡಿಮೆ. ಮಗುವಿನಿಂದಲೇ ಸರಿ ಹೇಳಿಸಲು ಪ್ರಯತ್ನಿಸಿದಾಗಲಾದರೋ ಪ್ರತಿ ಸಲವೂ ಏನಾದರೂ ಉತ್ತರ ಬಂತು. ಹಾಗಾಗಿ ‘ಇಟ್ ಲೀವ್ ಅಟ್...’ ಎಂದ ಹುಡುಗನಿಗೆ ‘ಇಟ್...?’ ಎಂದಷ್ಟೇ ಹೇಳಿ ನಿಲ್ಲಿ. ನಿಲ್ಲುವುದು ಕಷ್ಟ. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳಲ್ಲಿ ಅಳೆದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಕಾಯುತ್ತಿದ್ದುದು ಸುಮಾರು ಒಂದೇ ಸೆಕೆಂಡು. ಅದು 3 ಸೆಕೆಂಡಿಗೆ ಏರಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನೆ ಕೂರುತ್ತಿದ್ದವರೂ ಬಾಯಿಬಿಟ್ಟರು. ಎರಡನೆಯ ಭಾಷೆಯಲ್ಲಿ ಪದ ಹುಡುಕಬೇಕಾದ ಮಗುವಿಗೆ ಇನ್ನೂ ಹೆಚ್ಚು ಕೊಟ್ಟರೂ ಸರಿಯೇ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ.

ಮುಂದಿನ ಪಿರಿಯಡ್ಡಿಗೆ ಅದೇ ವಾಕ್ಯಗಳನ್ನು ಓದಿಸುವ ಬದಲು ನೆನಪಿನಿಂದ ತೆಗೆಸಿ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದು ಇದನ್ನೇ. ಪಾಠವನ್ನು ಮತ್ತೆ ಓದಿದವರು 5 ನಿಮಿಷದ ನಂತರ ಮುಂದಿದ್ದರು. ವಾರ ಕಳೆದ ಮೇಲೆ, ಒಮ್ಮೆ ಓದಿ ಆಮೇಲೆ ನೆನಪಿನಿಂದ ಬರೆದಿದ್ದವರಿಗೆ ಶೇ 56ರಷ್ಟು ನೆನಪಿತ್ತು, ಮತ್ತೆ ಓದಿದವರಿಗೆ ಶೇ 42ರಷ್ಟು. ತರಗತಿಯ ಶುರುವಿಗೆ 3 ನಿಮಿಷ ಸಾಕು: ಚೀಟಿ ಇಲ್ಲ, ಬೋರ್ಡ್ ಖಾಲಿ. ಪಕ್ಕದವರನ್ನು ಎರಡು ಬಸ್ಸಿನ ವೇಳೆ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಉತ್ತರ ಕೊಡುವವರು ವೇಳೆ ಮರೆತಿದ್ದರೆ ಹೊಸದೊಂದನ್ನು ಹಾಕಿಕೊಳ್ಳಬಹುದು, ನೆನಪಿಗೆ ಬರಬೇಕಾದದ್ದು ವಾಕ್ಯ. ವಾರದ ನಂತರ ಇನ್ನೊಮ್ಮೆ, ಈ ಸಲ ಬಸ್ಸಿನ ಬದಲು ಹುಬ್ಬಳ್ಳಿ ಜಂಕ್ಷನ್ನಿನ ರೈಲುಗಳು. ವಾಕ್ಯ ಅದೇ, ಊರು ಮತ್ತು ವೇಳೆ ಹೊಸವು.